ಬೂಟಿನ ಕಾಶಪ್ಪನವರು

ತಾಂಡೂರಿನ ಕಾಶಪ್ಪನವರು ಮನುಷ್ಯರನ್ನು ಪಾದದಿಂದ ಮೇಲಕ್ಕೆ ನೋಡುತ್ತಿದ್ದರು. ಎದುರಿಗೆ ಯಾರೇ ಬರಲಿ, ಮೊದಲು ಅವರ ಪಾದರಕ್ಷೆಯನ್ನು ಗಂಭೀರವಾಗಿ ಪರೀಕ್ಷಿಸಿ, ಆಮೇಲೆ ಮುಖದ ಕಡೆ ಕಣ್ಣೆತ್ತಿ ನಮಸ್ಕಾರ ಹೇಳುವರು. ಹಾಸುಗಲ್ಲಿನ ವ್ಯಾಪಾರಿ, ಪ್ರತಿ ಶ್ರಾವಣದಲ್ಲೂ ಹೆಂಡತಿ ಜಗದೇವಿಯವರೊಡನೆ ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ಸಣ್ಣ ಗುಂಪಿನ ಹಿರಿಯರು. ಮಂಡಿಯವರೆಗೆ ಎತ್ತಿ ಕಟ್ಟಿದ ಧೋತರ, ಕೆಳಗೆ ಕಣಕಾಲು ಮುಚ್ಚುವ ದಪ್ಪ ಚರ್ಮದ ಬೂಟು, ನೆಲವನ್ನು ಪೂರ್ತಿ ನಂಬದವರ ಭಾರವಾದ ಹೆಜ್ಜೆ.

ಜಗದೇವಿಯವರದು ಜಾಳಿಬಟ್ಟೆಯ ಹಗುರ ಶೂ. ದಾರಿಯುದ್ದಕ್ಕೂ ಅದೇ ವಾಗ್ವಾದ.

"ಕಲ್ಲಿನ್ಯಾಗ ಕಾಲು ಹೊಳ್ಳಿದ್ರ ನಿನ್ನ ಯಾರು ಹೊರಬೇಕು?"

"ನೀವಿದ್ದೀರಲ್ರಿ. ನನ್ನ ಶೂದಾಗ ನೀರು ಬರತದ, ಹೋಗತದ. ನಿಮ್ಮ ಬೂಟಿನ್ಯಾಗ ಬಂದದ್ದು ಮನಿ ಮಾಡ್ಕೊಂಡು ಕೂಡತದ."

ಆಕೆಯ ಮಾತು ನಿಜವಾಗಿತ್ತು. ಮಳೆಗೆ ಒಮ್ಮೆ ನೆನೆದ ಬೂಟು ದಿನಗಟ್ಟಲೆ ಆರುತ್ತಿರಲಿಲ್ಲ. ಸಂಜೆಗೆ ಅವರ ಅಂಗಾಲು ಬೆಳ್ಳಗೆ ಬಾತು ಸುಲಿಯುತ್ತಿತ್ತು. ಆದರೂ ಬಿಡರು. ಹಳ್ಳ ಬಂದಾಗಲೆಲ್ಲ ಕೂತು ಬೂಟು ಬಿಚ್ಚಿ, ಕೊರಳಿಗೆ ತೂಗುಹಾಕಿಕೊಂಡು ಬರಿಗಾಲಲ್ಲಿ ದಾಟುವರು. ಅಷ್ಟರಲ್ಲಿ ಜಗದೇವಿಯವರು ಶೂ ಸಮೇತ ನೀರಿಗಿಳಿದು ಆಚೆ ದಡದಿಂದ ಅವರನ್ನು ಕಿಚಾಯಿಸುತ್ತಿರುವರು.

ಹೋದ ವರ್ಷ ಯಾಲಾಲ್ ದಾಟಿ ದೌಲತಾಬಾದಿನ ಕಡೆಗೆ ನಡೆದಿದ್ದೆವು. ರಸ್ತೆಗಡ್ಡ ಹಳ್ಳವೊಂದು ಮೊಣಕಾಲುದ್ದ ಹರಿಯುತ್ತಿತ್ತು. ಕಾಶಪ್ಪನವರು ಕೂತು ಬೂಟಿನ ಲಾಡಿಗೆ ಕೈಹಾಕಿದರು.

"ನೀವು ಬಿಚ್ಚೋದ್ರಾಗ ನಾ ಆ ಕಡಿ ಕುಂತಿರತೀನಿ," ಎಂದರು ಜಗದೇವಿ.

"ಹೋಗು, ಬಂದೆ."

ಆಕೆ ನಡುನೀರಿನಲ್ಲಿದ್ದಾಗ ಮೇಲಿನಿಂದ ಪ್ರವಾಹ ಒಮ್ಮೆಲೇ ಏರಿ ಬಂತು. ಒಂದೇ ಕಾಲಿನ ಬೂಟಿನಲ್ಲಿ ನೀರಿಗೆ ಹಾರಲು ಹೋದ ಕಾಶಪ್ಪನವರನ್ನು ನಾವೆಲ್ಲ ಸೇರಿ ಹಿಡಿದು ಕೆಡವಬೇಕಾಯಿತು. ದೇಹ ಮರುದಿನ ಕೆಳಗಿನ ಜಾಲಿಗಿಡಗಳಲ್ಲಿ ಸಿಕ್ಕಿತು.

ಮಣ್ಣು ಮಾಡಲು ಬಂದವರೆಲ್ಲ ಸಮಾಧಾನ ಹೇಳಿದರು: "ಬೂಟಿನಿಂದ ನಿಮ್ಮ ಜೀವ ಉಳೀತು ನೋಡ್ರಿ, ಶ್ರೀಶೈಲ ಮಲ್ಲಯ್ಯನ ದಯಾ." ಆ ಮಾತಿಗೆ ಅವರು ಕಿವಿ ಮುಚ್ಚಿಕೊಂಡರು.

ಒಂದು ದಿನ ನನ್ನನ್ನೇ ಕೇಳಿದರು: "ಆಕಿಗಿ ಬೂಟು ಹಾಕಿಸಿದ್ರ ನನ್ನ ಜೋಡಿ ದಂಡ್ಯಾಗೇ ಕೂಡತಿದ್ಳು. ನಾ ಹಗುರಂದು ಹಾಕಿದ್ರ ಆಕಿ ಕೈ ನನ್ನ ಕೈಯಾಗಿರತಿತ್ತು. ಯಾವ್ದು ಖರೇ ಇತ್ರಿ?"

ಈ ಶ್ರಾವಣದಲ್ಲಿ ಅವರು ಮನೆಯಿಂದ ಹೊರಡಲಿಲ್ಲ.

ಮುಂಜಾಗ್ರತೆಯನ್ನೇ ಪ್ರೀತಿಯ ಭಾಷೆಯಾಗಿಸಿಕೊಂಡ ಜನರಿರುತ್ತಾರೆ. ಆ ಮುಂಜಾಗ್ರತೆ ತಮ್ಮೊಬ್ಬರನ್ನೇ ಉಳಿಸಿಬಿಟ್ಟಾಗ, ಉಳಿದ ಆಯುಷ್ಯವನ್ನು ಕ್ಷಮಿಸುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಡಲಾರರು.