ಬಚ್ಚಲ ಬಾಗಿಲ ಗೆರೆ

ಒದ್ದೆ ಬಟ್ಟೆ ನೆಲಕ್ಕೆ ತಾಗುವ ಮೊದಲೇ ಸೊಸೆ ನಾದಿನಿಯ ಕೈ ಹಿಡಿದುಕೊಂಡಳು.

"ಒರೆಸಬೇಡ ಕಣೆ."

"ಮನೆ ತುಂಬಾ ಸೀಮೆಸುಣ್ಣದ ಗೀಟು ಅತ್ತಿಗೆ. ಬಂದೋರು ಏನಂದ್ಕೋತಾರೆ?"

ಭಾನುವಾರ ತಾನೂ ಹೀಗೇ ಅಂದುಕೊಂಡದ್ದು ಸೊಸೆಗೆ ನೆನಪಾಯಿತು.

ಗೋಡೆ ಪಕ್ಕದ ಬೆಂಚಿನ ಮೇಲೆ ಮಾವನ ದೇಹ ಮಲಗಿಸಿದ್ದರು. ನಲವತ್ತು ವರ್ಷ ಬೀದಿಯವರ ಅಳತೆ ತೆಗೆದ ದರ್ಜಿ. ಹನ್ನೊಂದು ವರ್ಷದಿಂದ ನಡುಗುತ್ತಿದ್ದ ಬಲಗೈ ಈಗ ಸುಮ್ಮನಿತ್ತು. ಅವರ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಮುದುಕ ಆ ಕೈಯನ್ನೇ ನೋಡುತ್ತ ಕೂತಿದ್ದ.

"ಆ ಪಾರ್ಕಿನ್‌ಸನ್ ಕಾಯಿಲೆ ಕೊನೆಗೂ ಬಿಡ್ಲಿಲ್ಲ. ಆದ್ರೂ ನೀನು ನೋಡ್ಕೊಂಡ ಹಾಗೆ ಸ್ವಂತ ಮಗಳೂ ನೋಡ್ಕೋತಿರ್ಲಿಲ್ಲ ಕಣಮ್ಮ."

ಸ್ವಂತ ಮಗಳು ಒದ್ದೆ ಬಟ್ಟೆ ಹಿಡಿದು ಎದುರಿಗೇ ನಿಂತಿದ್ದಾಳೆಂಬ ಪರಿವೆಯೂ ಅವನಿಗಿರಲಿಲ್ಲ. ಕಾಯಿಲೆ ಅಲ್ಲ, ನಾನು, ಎಂದು ಕೂಗಬೇಕೆನಿಸಿತು ಸೊಸೆಗೆ.

*

ಎರಡು ವರ್ಷದ ಹಿಂದೆ ಮಾವನ ಕಾಲು ಬಾಗಿಲ ಹತ್ತಿರ ಬಂದರೆ ನೆಲಕ್ಕೆ ಅಂಟಿಕೊಳ್ಳತೊಡಗಿತು. ಮೈ ಮುಂದೆ ವಾಲುತ್ತಿತ್ತು, ಪಾದ ಏಳುತ್ತಿರಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದರು. "ನಡಿಗೆ ನಾವು ಯೋಚನೆ ಮಾಡದೆ ಮಾಡೋ ಕೆಲಸ. ಅದನ್ನ ಶುರು ಮಾಡ್ಸೋ ಜಾಗ ಮಿದುಳಿನ ಆಳದಲ್ಲಿದೆ. ಇವರಿಗೆ ಅಲ್ಲಿ ಬೇಕಾದ ರಸ ಬತ್ತಿದೆ. ನೆಲದ ಮೇಲೆ ಅಡ್ಡಗೆರೆ ಎಳೀರಿ. ಗೆರೆ ಕಂಡ್ರೆ ಮಿದುಳು ಬೇರೆ ದಾರಿ ಹಿಡಿಯತ್ತೆ."

ಮನೆಗೆ ಬಂದವರೇ ಮಾವ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣವನ್ನು ಸೊಸೆಯ ಕೈಗಿಟ್ಟರು. ಅವಳು ಎಳೆದಳು. ಮಾವ ಚರಂಡಿ ದಾಟುವವರ ಹಾಗೆ ಕಾಲೆತ್ತಿ ದಾಟಿದರು. ಇನ್ನೊಂದು ಎಳೆದಳು, ಅದನ್ನೂ ದಾಟಿದರು.

"ನೋಡಿದ್ಯಾ? ಗೆರೆ ಇಲ್ದೆ ಕತ್ತರೀನೂ ಓಡಲ್ಲ, ನಾನೂ ಓಡಲ್ಲ."

ಅಷ್ಟು ಹೊತ್ತಿಗೆ ಕಾಯಿಲೆಯಿಂದ ಅವರ ಮುಖ ಬಿಗಿದು ನಗುವುದನ್ನು ಮರೆತಿತ್ತು. ನಗು ಗಂಟಲಲ್ಲಷ್ಟೇ ಕೇಳಿಸಿತು.

ಅಂದಿನಿಂದ ದಿನಾ ಬೆಳಿಗ್ಗೆ ಮಂಚದಿಂದ ಬಚ್ಚಲವರೆಗೆ ಗೆರೆ ಎಳೆಯುವುದು ಅವಳ ಪಾಲಿನ ಕೆಲಸ. ಈ ಭಾನುವಾರ ಅವಳ ಆಫೀಸಿನವರು ಊಟಕ್ಕೆ ಬರುವವರಿದ್ದರು. ಒಂದು ದಿನ ತಾನೇ ಕೈ ಹಿಡಿದು ನಡೆಸಿದರಾಯಿತು ಎಂದುಕೊಂಡು ಎಲ್ಲ ಗೆರೆ ಒರೆಸಿ, ಸಾಮಾನು ತರಲು ಅಂಗಡಿಗೆ ಹೋದಳು. ಅಷ್ಟರಲ್ಲಿ ಮಾವ ಎದ್ದರು. ಬಚ್ಚಲ ಬಾಗಿಲಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ ಮೂರು ದಿನ ಕಣ್ಣೇ ಬಿಡಲಿಲ್ಲ.

ಭಾನುವಾರ ಸಂಜೆ ಆಸ್ಪತ್ರೆಯಿಂದ ಬಂದು ಅವಳು ಎಲ್ಲ ಗೆರೆಗಳನ್ನೂ ಮತ್ತೆ ಎಳೆದಳು. ಮಾವ ಮರಳಿ ಬರುತ್ತಾರೆಂದೋ, ಯಾರಿಗೂ ತಿಳಿಯದಿರಲಿ ಎಂದೋ, ಅವಳಿಗೇ ಗೊತ್ತಿಲ್ಲ.

*

ಮಾವನನ್ನು ಒಯ್ಯಲು ಬಂದ ಶವದ ವ್ಯಾನಿನಿಂದ ಸ್ಟ್ರೆಚರ್ ಇಳಿಸುವ ಸದ್ದು ಕೇಳಿಸಿದಾಗ ಸೊಸೆ ಅತ್ತೆಯ ಮುಂದೆ ಕುಸಿದು ಕೂತಳು.

"ಅತ್ತೆ, ಭಾನುವಾರ ಗೆರೆ ಒರೆಸಿದ್ದು ನಾನೇ."

"ಗೊತ್ತು. ಬಕೆಟ್ಟಲ್ಲಿ ನೀರು ಬೆಳ್ಳಗಿತ್ತು."

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ಯಾವ ಬಾಯಲ್ಲಿ ಹೇಳ್ಲಿ? ಬಾಗಿಲಲ್ಲಿ ನಿಂತು ನನ್ನ ಕೂಗಿದ್ರು. 'ಕಾಲು ಏಳ್ತಿಲ್ಲ ಕಣೇ, ಒಂದು ಗೆರೆ ಎಳಿ ಬಾ' ಅಂತ. ಒಲೆ ಮೇಲೆ ಹಾಲಿತ್ತು. ಉಕ್ಕಿಬಿಡತ್ತೆ, ಬಂದೆ ಇರಿ ಅಂದೆ." ಅತ್ತೆ ಅಡುಗೆಮನೆಯ ಕಡೆ ನೋಡಿದರು. "ಹಾಲು ಉಕ್ಕಲಿಲ್ಲ ಕಣೆ."

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು.

ಮಾವನನ್ನು ಹೊತ್ತವರು ಹೊಸ್ತಿಲ ಬಳಿ ನಿಂತರು. ಬಾಗಿಲು ಇಕ್ಕಟ್ಟು. "ಸ್ವಲ್ಪ ಓರೆ ಮಾಡಿ," ಎಂದ ಮುಂದೆ ಹೊತ್ತಿದ್ದ ಮಗ, ಸೊಸೆಯ ಗಂಡ. ಸ್ಟ್ರೆಚರ್ ಅಲುಗಲಿಲ್ಲ. ಮಾವ ಮತ್ತೆ ಬಾಗಿಲಲ್ಲಿ ನಿಂತುಬಿಟ್ಟಿದ್ದರು.

ಅತ್ತೆ ಮುಷ್ಟಿ ಬಿಚ್ಚಿದರು. ಬೆಳಗಿನಿಂದ ಹಿಡಿದುಕೊಂಡಿದ್ದ ಸೀಮೆಸುಣ್ಣ ಬೆವರಿಗೆ ಮೆತ್ತಗಾಗಿತ್ತು.

"ಎಳಿ," ಎಂದರು.

ಸೊಸೆ ಮಂಡಿಯೂರಿ ಹೊಸ್ತಿಲ ಮುಂದೆ ಅಡ್ಡಗೆರೆ ಎಳೆದಳು. ಗೆರೆ ಸೊಟ್ಟಗಾಯಿತು.

"ದಾಟಿ ಮಾವ."

ಮಗ ಅವಳ ಮುಖ ನೋಡಿದ. ಆಮೇಲೆ ಕಾಲೆತ್ತಿ ದಾಟಿದ. ಹಿಂದಿದ್ದವರೂ ಒಬ್ಬೊಬ್ಬರಾಗಿ, ಏನೂ ಕೇಳದೆ, ಕಾಲೆತ್ತಿ ದಾಟಿದರು. ಗೆರೆಯನ್ನು ಯಾರೂ ತುಳಿಯಲಿಲ್ಲ.