ಅಪ್ಪ ಚೆಲ್ಲಿದ ಬಿಸಿನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ಆ ಬೆಳಿಗ್ಗೆ ಶೆಡ್ಡಿನಲ್ಲಿ ನನ್ನ ಜಾಗದಲ್ಲಿ ಯಾರಿದ್ದರೂ ಸ್ಕ್ರೂಡ್ರೈವರ್ ಎಸೆಯುತ್ತಿದ್ದರು. ಅಪ್ಪನ ಹಳೇ ಮೋಟಾರ್ ಸೈಕಲ್ಲಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕು ಬಿಚ್ಚಿ, ಒಳಗಿನ ಉಕ್ಕಿನ ಪೈಪು ಎಳೆದು ತೆಗೆದು ಬೆಂಚಿನ ಮೇಲಿಟ್ಟು, ಹೊರಗಿನ ಅಲ್ಯೂಮಿನಿಯಂ ಕೊಳವೆಯನ್ನು ಬೆಂಚಿನ ವೈಸಿನ ದವಡೆಗೆ ಕಚ್ಚಿಸಿ ನಿಲ್ಲಿಸಿದ್ದೆ. ಅದರ ಬಾಯಲ್ಲಿ ಆಯಿಲ್ ಸೀಲು ಕೂತಿತ್ತು, ಎಣ್ಣೆ ಸೋರದಂತೆ ತಡೆಯುವ, ಮಗುವಿನ ಬಳೆಯಷ್ಟು ರಬ್ಬರ್ ಉಂಗುರ. ಅದರ ಮೇಲಿನ ತಂತಿ ಲಾಕು ಆಗಲೇ ತೆಗೆದಿದ್ದೆ. ಮೀಟಿದರೆ ಎದ್ದು ಬರಬೇಕು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಬಟ್ಟೆ ಹೊಲಿಯೋಳಿಗೆ ಯಾಕೆ ಈ ಉಸಾಬರಿ?" ಬಾಗಿಲಲ್ಲಿ ನಿಂತು ಅಣ್ಣ ಕೇಳಿದ. "ಸಂಜೆ ಗುಜರಿಯವನು ಬರ್ತಾನೆ. ಗಾಡಿ, ಸಾಮಾನು, ಎಲ್ಲಾ ಒಯ್ತಾನೆ. ಅಪ್ಪಂಗೆ ಏನೂ ಗೊತ್ತಾಗಲ್ಲ ಬಿಡು."

ಅಪ್ಪ ಬೆಂಚಿನ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದ. ಜೀವಮಾನವಿಡೀ ಇದೇ ಶೆಡ್ಡಿನಲ್ಲಿ ಊರವರ ಗಾಡಿ ರಿಪೇರಿ ಮಾಡಿದವನು. ಲಕ್ವ ಹೊಡೆದ ಮೇಲೆ ಬಲಗೈ ಹೋಯಿತು, ಮಾತು ಹೋಯಿತು. ಎಷ್ಟು ಅರ್ಥವಾಗುತ್ತದೋ ಹೇಳಲಿಕ್ಕಾಗದು ಎಂದಿದ್ದರು ಡಾಕ್ಟರು. ಅಣ್ಣ ಅದನ್ನು ಏನೂ ಅರ್ಥವಾಗದು ಅಂತ ಮಾಡಿಕೊಂಡಿದ್ದ. ಕೆಟ್ಟವನಲ್ಲ ಅವನು. ಸ್ನಾನ ಮಾಡಿಸುತ್ತಾನೆ, ಗಡ್ಡ ಹೆರೆಯುತ್ತಾನೆ, ತುತ್ತು ಬಾಯಿಗಿಡುತ್ತಾನೆ. ಆದರೆ ಅಪ್ಪನ ಜೊತೆ ಮಾತಾಡುವುದನ್ನು ಬಿಟ್ಟು, ಅಪ್ಪನ ಎದುರಿಗೇ ಅಪ್ಪನ ಬಗ್ಗೆ ಮಾತಾಡುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ಗಾಡಿ ಬೇಕಿರಲಿಲ್ಲ. ಅಪ್ಪ ಇನ್ನೂ ಒಳಗಿದ್ದಾನೋ ಇಲ್ಲವೋ, ಅದೊಂದು ತಿಳಿಯಬೇಕಿತ್ತು. ಅವನ ಕೆಲಸವನ್ನು ಅವನ ಕಣ್ಣೆದುರೇ ಮಾಡಿದರೆ ತಿಳಿದೀತು ಅಂತ ಕೈಹಾಕಿದ್ದೆ.

ಅಣ್ಣ ಮಾತ್ರೆ ನುಂಗಿಸಲು ಬಿಸಿನೀರಿನ ಲೋಟ ತಂದು ಅಪ್ಪನ ಎಡಗೈಗೆ ಕೊಟ್ಟ. ಅಪ್ಪ ಅದನ್ನು ತುಟಿಗೆ ಒಯ್ಯಲಿಲ್ಲ. ಕೈ ಮುಂದೆ ಚಾಚಿ ಕೊಳವೆಯ ಮೇಲೆ ಸುರಿದುಬಿಟ್ಟ. ನನ್ನ ಲಂಗವೆಲ್ಲ ಒದ್ದೆ.

"ಅಯ್ಯೋ, ಏನಪ್ಪಾ ಇದು!" ಎಂದು ಕಿರುಚಿದೆ.

"ಬೈಬೇಡ್ವೇ, ಪಾಪ, ಕೈ ನಡುಗುತ್ತೆ," ಎಂದು ಅಣ್ಣ ಮತ್ತೊಂದು ಲೋಟ ತಂದ. ಅಪ್ಪ ಅದನ್ನೂ ಅಲ್ಲೇ ಸುರಿದ. ಈ ಸಲ ನಾನು ಕೈಯನ್ನೇ ನೋಡುತ್ತಿದ್ದೆ. ಅದು ನಡುಗಲಿಲ್ಲ.

ಅರೆ! ಅಲ್ಯೂಮಿನಿಯಂ ಬಿಸಿಯಾದರೆ ಹಿಗ್ಗುತ್ತದಲ್ಲ? ಒಳಗೆ ಓಡಿ ಒಂದು ಪಾತ್ರೆ ನೀರು ಕುದಿಸಿ ತಂದೆ. ಕೊಳವೆಯ ಬಾಯಿಗೆ ಬಟ್ಟೆ ಸುತ್ತಿ ನಿಧಾನಕ್ಕೆ ಹೊಯ್ದೆ, ಮತ್ತೆ ಹೊಯ್ದೆ. ಸ್ಕ್ರೂಡ್ರೈವರಿನ ಕೆಳಗೆ ಚಿಂದಿ ಮಡಚಿಟ್ಟು ಮೀಟಿದೆ. ಸೀಲು ಟಪ್ಪಂತ ಎದ್ದು ನೆಲಕ್ಕೆ ಬಿತ್ತು.

"ನೋಡಿದ್ಯಾ?" ಎಂದೆ.

"ಏನು ನೋಡೋದು? ಅವನ ಕೈತಪ್ಪು, ನಿನ್ನ ಅದೃಷ್ಟ." ಅಣ್ಣನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ಸುಮ್ನೆ ಆಸೆ ಇಟ್ಕೋಬೇಡ. ನಾನೂ ಮೊದಮೊದಲು ಹೀಗೇ ಇಟ್ಕೊಂಡಿದ್ದೆ."

ಸೋಲೊಪ್ಪುವ ಜಾಯಮಾನ ನನ್ನದಲ್ಲ. ಅಂಗಡಿಯಿಂದ ತಂದಿಟ್ಟಿದ್ದ ಹೊಸ ಸೀಲನ್ನು ಬೇಕೆಂದೇ ತಲೆಕೆಳಗಾಗಿ ಹಿಡಿದೆ. ಹಾಗೆ ಹಾಕಿದರೆ ಎಣ್ಣೆಯೆಲ್ಲ ಆಚೆ ಬರುತ್ತದೆ. ಮೆಕ್ಯಾನಿಕ್ ಆದವನು ನೋಡಿಕೊಂಡು ಸುಮ್ಮನಿರಲಾರ. ಅಪ್ಪನ ಮುಖದ ಮುಂದೆಯೇ ಹಿಡಿದು, "ಹೀಗೇ ಅಲ್ವಾ ಹಾಕೋದು?" ಎಂದು ಜೋರಾಗಿ ಕೇಳಿದೆ.

ಅಪ್ಪ ನೋಡಲೇ ಇಲ್ಲ. ಕೊಳವೆಯ ಬಾಯಿಗಿಟ್ಟು ಒತ್ತುವಂತೆ ನಟಿಸಿದೆ. ಊಹೂಂ. ಅವನ ಕಣ್ಣು ಬೆಂಚಿನ ಮೇಲೆ ಎಲ್ಲೋ ಇತ್ತು. ಅಣ್ಣ ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅಳು ಬಂತು. ಸಾಕು ಈ ಹುಚ್ಚಾಟ ಅನ್ನಿಸಿ ಎಲ್ಲವನ್ನೂ ಚೀಲಕ್ಕೆ ತುಂಬಲೆಂದು ಉಕ್ಕಿನ ಪೈಪಿಗೆ ಕೈಹಾಕಿದೆ.

ಅಪ್ಪ ಪೈಪನ್ನು ಹಿಡಿದುಕೊಂಡ. ಎಳೆದೆ, ಬಿಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನ ಉಗುರನ್ನು ಮೇಲಿನಿಂದ ಕೆಳಗೆ ಜಾರಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದ. ಆಮೇಲೆ ನನ್ನ ಬೆರಳು ಹಿಡಿದು ಅಲ್ಲಿಗೇ ಒತ್ತಿದ. ತರಿತರಿ. ನನ್ನ ಕಣ್ಣಿಗೆ ಬೀಳದಷ್ಟು ಸಣ್ಣ ತುಕ್ಕಿನ ಗಂಟು. ಅದರ ಮೇಲೆ ಯಾವ ಸೀಲು ಹಾಕಿದರೂ, ನೆಟ್ಟಗೆ ಹಾಕಿದರೂ, ಹರಿದುಹೋಗುತ್ತಿತ್ತು. ನಾನು ಸೀಲು ತೋರಿಸಿ ಪರೀಕ್ಷೆ ಮಾಡುತ್ತಿದ್ದಾಗ ಅಪ್ಪ ಗಾಡಿಯ ನಿಜವಾದ ರೋಗ ನೋಡುತ್ತಿದ್ದ.

ಅಷ್ಟಕ್ಕೇ ಬಿಡಲಿಲ್ಲ. ನನ್ನ ಇನ್ನೊಂದು ಕೈಯಲ್ಲಿದ್ದ ಸೀಲನ್ನು ಕಿತ್ತುಕೊಂಡು, ಮಗುಚಿ, ಸರಿಯಾದ ಕಡೆ ಮೇಲೆ ಮಾಡಿ ನನ್ನ ಅಂಗೈಯಲ್ಲಿಟ್ಟ. ಯಾರಿಗೆ ಆಟ ತೋರಿಸ್ತೀಯೇ ಅನ್ನುವ ಹಾಗೆ ಹುಬ್ಬು ಗಂಟಿಕ್ಕಿ ನೋಡಿದ. ನನಗೆ ನಗುವೋ ಅಳುವೋ ತಿಳಿಯದೆ ಮೂಗು ಸೋರಿತು.

ಅಣ್ಣ ಬಂದು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ. ಪೈಪಿನ ಮೇಲೆ ತಾನೂ ಬೆರಳಾಡಿಸಿದ. ಗಂಟು ಸಿಕ್ಕಿತು. ತುಂಬಾ ಹೊತ್ತು ಬೆರಳು ಅಲ್ಲಿಂದ ತೆಗೆಯಲಿಲ್ಲ.

"ಅಪ್ಪಾ," ಎಂದ. "ಇದನ್ನ ಯಾವುದ್ರಲ್ಲಿ ಉಜ್ಲಿ?"

ಅಪ್ಪ ಎಡಗೈ ಎತ್ತಿ ಗೋಡೆಯ ಗೂಡು ತೋರಿಸಿದ. ಅಣ್ಣ ಎದ್ದು ಹೋಗಿ, ನಮಗೆ ಬೆನ್ನು ಮಾಡಿ ನಿಂತು, ಡಬ್ಬಗಳನ್ನು ಅತ್ತಿತ್ತ ಸರಿಸುತ್ತಾ ಹುಡುಕಿದ, ಹುಡುಕುತ್ತಲೇ ಇದ್ದ. ಎಮರಿ ಪೇಪರು ಅವನ ಮೂಗಿನೆದುರೇ ಇತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು ಕಾದೆ.