ನುಜತಳ ಸೊಂಟದ ಸ್ಕ್ಯಾನು

ಸ್ಕ್ಯಾನಿಗೆ ಆರೂವರೆ ಸಾವಿರ. ಏಳೂವರೆ ಅಂದಿದ್ದರು, ಸಾವಿರ ಬಿಡಿಸಿದೆ. ರಕ್ತ ಪರೀಕ್ಷೆಗೆ ಹದಿನೆಂಟು ನೂರು, ಸೊಂಟದ ಬೆಲ್ಟಿಗೆ ಎಂಟು ನೂರು. ಹಾಸಿಗೆಗೆ ಲೆಕ್ಕ ಹಿಡಿಯಲಿಲ್ಲ. ವಿನೋಬನಗರದ ನಮ್ಮ ಹಾಸಿಗೆ ಅಂಗಡಿಯಲ್ಲಿ ನಾನೇ ಹೊಸ ಹತ್ತಿ ತುಂಬಿ ಗಟ್ಟಿಯಾಗಿ ಹೊಲಿದು ಹರಿಹರಕ್ಕೆ ಕಳಿಸಿದ್ದೆ.

ಇಷ್ಟೂ ನುಜತಳಿಗಾಗಿ. ಅವಳು ನನ್ನ ಸೊಸೆ ಖುರ್ಷೀದಾಳ ತಂಗಿ, ಹರಿಹರದಲ್ಲೇ ಗಂಡನ ಮನೆ. ಕೆಲವು ತಿಂಗಳಿಂದ ಸೊಂಟ ಹಿಡಿದುಕೊಂಡೇ ಓಡಾಡುತ್ತಿದ್ದಳು. ಕೊಡ ಎತ್ತಿದರೆ ಕಣ್ಣಲ್ಲಿ ನೀರು. ನಾನೇ ದಾವಣಗೆರೆಗೆ ಕರೆಸಿ ಡಾಕ್ಟರಿಗೆ ತೋರಿಸಿದೆ. ಸ್ಕ್ಯಾನು ಬಂದ ದಿನ ಖುರ್ಷೀದಾಳೂ ಏಳು ತಿಂಗಳ ಹುಜೈಫಾನನ್ನು ಎತ್ತಿಕೊಂಡು ಜೊತೆಗೆ ಬಂದಳು.

ಹುಜೈಫಾ ನನ್ನ ಮಗ-ಸೊಸೆಗೆ ಮದುವೆಯಾದ ಹನ್ನೊಂದು ವರ್ಷಕ್ಕೆ ಬಂದ ಕೂಸು. ಅದಕ್ಕೂ ಮೊದಲು ಮಗ ಖಲೀಲನಿಗೆ ಇನ್ನೊಂದು ಹೆಣ್ಣು ನೋಡಿ ಮಾತಾಡಿ ಬಂದಿದ್ದೆ. ಅಷ್ಟರಲ್ಲಿ ಸೊಸೆ ಬಸುರಿ ಎಂದಳು. ಅಲುಗಾಡಬಾರದಂತೆ ಎಂದು ಮೂರನೇ ತಿಂಗಳಿಗೇ ಹರಿಹರದ ತವರಿಗೆ ಹೋದಳು. ಹೆಣ್ಣಿನ ಮಾತು ಅಲ್ಲಿಗೇ ಬಿಟ್ಟೆ. ಮಗು ಹುಟ್ಟಿದಾಗ ಓಣಿಗೆಲ್ಲ ಸಿಹಿ ಹಂಚಿ, "ಕಿವಿ ನೋಡ್ರಿ, ನಮ್ಮ ಯಜಮಾನರದ್ದೇ" ಎಂದು ತೋರಿಸಿಕೊಂಡು ಬಂದಿದ್ದೆ.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಸಿಕ್ಕಿಸಿದರು. "ನೋಡ್ರಿ ಅಮ್ಮಾ, ಬೆನ್ನಿನ ಬುಡ ಸೊಂಟದ ಮೂಳೆಗೆ ಕೂಡೋ ಕೀಲು ಇದು. ಎರಡೂ ಕಡೆ ಬೆಳ್ಳಗೆ ಕಾಣ್ತೈತಲ್ಲ, ಅದು ಮೂಳೆ ಒಳಗಿನ ಬಾವು."

"ಹತ್ತಿ ಗಂಟು ಕಟ್ಟಿದಂಗೈತೆ," ಎಂದೆ.

ಅವರು ನಕ್ಕರು. "ಬೆನ್ನು ಬರಬರ್ತಾ ಸೆಟೆದು ಹೋಗೋ ರೋಗದಾಗೆ ಹಿಂಗೇ ಕಾಣ್ತೈತೆ. ಅದೇ ಆದ್ರೆ ಇಂಜೆಕ್ಷನ್ ಶುರು ಮಾಡಬೇಕು. ತಿಂಗಳಿಗೆ ಇಪ್ಪತ್ತು ಸಾವಿರ ಆಗ್ತೈತೆ, ವರ್ಷಗಟ್ಟಲೆ. ಆದ್ರೆ ರಕ್ತದಾಗೆ ಏನೂ ಇಲ್ಲ. ಬೆಳಗ್ಗೆ ಏಳೋವಾಗ ಬೆನ್ನು ಹಿಡ್ಕೊಂಡಿರ್ತೈತೇನಮ್ಮ?"

"ಇಲ್ರಿ. ಮಲಗಿದ್ರೆ ಆರಾಮ. ಭಾರ ಎತ್ತಿದ್ರೇನೇ ನೋವು," ಎಂದಳು ನುಜತ್.

"ಒಂದು ವರ್ಷದೊಳಗೆ ಹೆರಿಗೆ ಆಗೈತಾ? ಹೆತ್ತವರ ಕೀಲೂ ಕೆಲವು ತಿಂಗಳು ಹಿಂಗೇ ಕಾಣ್ತಾವೆ."

ಉತ್ತರ ಕೊಟ್ಟವಳು ನಾನು. "ಎಲ್ಲಿ ಹೆರಿಗೆ ಸಾರ್! ಇವಳ ಸಣ್ಣದು ಶಾಲೆಗೆ ಹೋಗ್ತೈತೆ. ಹೆತ್ತಾಕೆ ಈಕೆ," ಎಂದು ಸೊಸೆಯನ್ನು ತೋರಿಸಿದೆ.

"ಆ ಇಂಜೆಕ್ಷನ್ನೇ ಬರೀರಿ ಸಾರ್," ಎಂದಳು ನುಜತ್, ನೆಲ ನೋಡುತ್ತ.

ಇಪ್ಪತ್ತು ಸಾವಿರದ ಮದ್ದನ್ನು ಯಾರಾದರೂ ಕೇಳಿ ಬರೆಸಿಕೊಳ್ಳುತ್ತಾರೆಯೇ? ನಾನು ಬಾಯಿ ತೆರೆಯುವುದರೊಳಗೆ ಖುರ್ಷೀದಾ ಎದ್ದು ನಿಂತಿದ್ದಳು.

"ಬ್ಯಾಡ ಸಾರ್. ಇವಳಿಗೆ ಹೆರಿಗೆ ಆಗೈತೆ."

"ಅಕ್ಕಾ, ಸುಮ್ಕಿರು!"

"ಏಳು ತಿಂಗಳಾತು ಸಾರ್. ಇವನೇ," ಎಂದು ಹುಜೈಫಾನನ್ನು ಮುಂದೆ ಹಿಡಿದಳು.

ಕಿವಿಗೆ ಹತ್ತಿ ತುರುಕಿದಂತಾಯಿತು. ಡಾಕ್ಟರ ಬಾಯಿ ಆಡುತ್ತಿತ್ತು, ಮಾತು ಕೇಳಿಸಲಿಲ್ಲ. ಹಾಸಿಗೆಯನ್ನು ಅಂಗೈಯಲ್ಲಿ ಒತ್ತಿದರೆ ಒಳಗೆ ಹಳೇ ಹತ್ತಿ ಎಷ್ಟು ಬೆರೆತಿದೆ ಎಂದು ಹೇಳುವವಳು ನಾನು. ಆ ಬಸುರಿನ ದಿನಗಳಲ್ಲಿ ಹರಿಹರಕ್ಕೆ ಎರಡು ಸಲ ಹೋಗಿ ನೋಡಿದ್ದೆ. ನುಜತ್ ಕಣ್ಣಿಗೇ ಬಿದ್ದಿರಲಿಲ್ಲ. ಸೊಸೆ ರಗ್ಗು ಹೊದ್ದು ಮಲಗಿದ್ದಳು. ಹೊಟ್ಟೆಯ ಮೇಲೆ ಒಮ್ಮೆ ಕೈ ಇಟ್ಟಿದ್ದರೆ ಸಾಕಿತ್ತು.

ಇಂಜೆಕ್ಷನ್ ಬೇಡವೆಂದೂ, ಭಾರ ಎತ್ತದೆ ಆರು ತಿಂಗಳು ನೋಡೋಣವೆಂದೂ ಡಾಕ್ಟರು ಹೇಳಿದರಂತೆ. ಹೊರಗೆ ಬೆಂಚಿನ ಮೇಲೆ ಕುಳಿತ ಮೇಲೆ ಸೊಸೆಯನ್ನು ಕೇಳಿದೆ.

"ಖಲೀಲಗೆ ಗೊತ್ತೇನೇ?"

"ಗೊತ್ತೈತೆ ಅತ್ತೆ."

"ಇವಳ ಗಂಡಗೆ?"

"ಅವರದೇ ಕೂಸಲ್ವೇನು ಅತ್ತೆ, ಅವರೂ ಒಪ್ಪೇ ನಮಗೆ ಕೊಟ್ಟಿದ್ದು."

"ಹಂಗಾದ್ರೆ ನಾನೊಬ್ಬಾಕೆನೇ ದಡ್ಡಿ."

"ಇನ್ನು ಆ ಹುಡುಗೀನ ತರ್ತೀರೇನು ಅತ್ತೆ?" ಎಂದು ಖುರ್ಷೀದಾ ಮೆಲ್ಲಗೆ ಕೇಳಿದಳು. ಮಗು ಅಳತೊಡಗಿತು. ನುಜತ್ ಎತ್ತಿಕೊಳ್ಳಲು ಬಗ್ಗಿದಳು.

"ಏ, ಭಾರ ಎತ್ತಬ್ಯಾಡ ಅಂದಿಲ್ಲೇನು? ತಾ ಇಲ್ಲಿ," ಎಂದು ನಾನೇ ಎತ್ತಿಕೊಂಡೆ. ಮತ್ತೊಮ್ಮೆ ಅವನ ಕಿವಿ ನೋಡಿದೆ. ಯಾರ ಕಿವಿಯೂ ಆಗಬಹುದಿತ್ತು.

ಮಗುವಿಗೆ ವರ್ಷ ತುಂಬಿ ಸ್ವಲ್ಪ ದಿನಕ್ಕೆ ನುಜತಳ ನೋವು ಹೋಯಿತು. ಇಂಜೆಕ್ಷನ್ ಬೇಕಾಗಲೇ ಇಲ್ಲ. ಹೆಣ್ಣಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಹುಜೈಫಾ ನಮ್ಮ ಅಂಗಡಿಯ ಹತ್ತಿಯಲ್ಲೇ ಹೊರಳಾಡುತ್ತಾನೆ, ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಾನೆ. ನಮ್ಮ ಯಜಮಾನರ ರಕ್ತದ ಮೊಮ್ಮಗ ಮಾತ್ರ ನನಗಿಲ್ಲ.